ಆಟಿಕೆಗೆ ಮೊದಲು ಜಾಗ ಮಾಡಿ, ಅಭ್ಯಾಸ ಆಮೇಲೆ

ಮನೆಯಲ್ಲಿ ಎರಡರಿಂದ ಎಂಟು ವರ್ಷದೊಳಗಿನ ಮಗು ಇದ್ದರೆ ಹಾಲ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಸೋಫಾ ಸಂದಿಯಲ್ಲಿ ಕಾರು, ಟಿವಿ ಸ್ಟ್ಯಾಂಡ್ ಕೆಳಗೆ ಬ್ಲಾಕ್ಸ್, ದಿವಾನದ ಅಡಿಯಲ್ಲಿ ಒಂದು ಕೈ ಕಳೆದುಕೊಂಡ ಗೊಂಬೆ. ಬೆಳಗ್ಗೆಯಿಂದ "ಎತ್ತಿಡೋ", "ಎತ್ತಿಡೇ" ಅಂತ ಕೂಗಿ ಗಂಟಲು ಒಣಗಿಸಿಕೊಂಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮನೋ ಅಜ್ಜಿಯೋ ಬಗ್ಗಿ ಬಗ್ಗಿ ಎಲ್ಲವನ್ನೂ ಒಂದು ದೊಡ್ಡ ಬಾಕ್ಸಿಗೆ ತುಂಬುತ್ತಾರೆ. ಮಾರನೇ ದಿನ ಮಗು ಒಂದು ಚಿಕ್ಕ ಕಾರಿಗಾಗಿ ಆ ಬಾಕ್ಸನ್ನೇ ಬೋರಲು ಹಾಕುತ್ತದೆ.

ಅದನ್ನು ಬೈಯುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಎತ್ತಿದ್ದನ್ನು ಎಲ್ಲಿಡಬೇಕು ಅಂತ ಮಗುವಿಗೆ ಗೊತ್ತಾ? ಆ ಜಾಗ ಅದರ ಕೈಗೆ ಎಟಕುತ್ತಾ? ನಾನು ನೋಡಿದ ಎಷ್ಟೋ ಮನೆಗಳಲ್ಲಿ ಎರಡಕ್ಕೂ ಉತ್ತರ ಸಿಗುವುದಿಲ್ಲ. ಬಟ್ಟೆಗೆ ಬೀರು ಇದೆ, ಪಾತ್ರೆಗೆ ಸ್ಟ್ಯಾಂಡ್ ಇದೆ, ಚಪ್ಪಲಿಗೂ ಗೂಡು ಇದೆ. ಮಗುವಿನ ಸಾಮಾನಿಗೆ ಮಾತ್ರ ಗೊತ್ತಾದ ಜಾಗ ಇಲ್ಲ. ಹಾಗಾಗಿ ಇಲ್ಲಿ ಅಭ್ಯಾಸದ ಮಾತು ಅರ್ಧ ದಾಟಿದ ಮೇಲೆ ಬರುತ್ತದೆ. ಮೊದಲು ಕಡಿಮೆ ಮಾಡಬೇಕು, ಆಮೇಲೆ ಜಾಗ ಮಾಡಬೇಕು, ಕಲಿಸುವುದು ಅದರ ನಂತರ. ಈ ಕ್ರಮ ತಪ್ಪಿದರೆ ಕೂಗಾಟವೇ ಜಾಸ್ತಿಯಾಗುತ್ತದೆ.

ಹೆಜ್ಜೆ 1: ಎಲ್ಲವನ್ನೂ ಒಂದೇ ಕಡೆ ಸುರಿಯಿರಿ

ರಜೆಯ ದಿನ ತಿಂಡಿ ಮುಗಿಸಿ ಹಾಲ್‌ನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ. ಮಗುವನ್ನೂ ಜೊತೆಗೆ ಕರೆದುಕೊಂಡು ಮಂಚದ ಕೆಳಗೆ, ಬಚ್ಚಲಲ್ಲಿ, ಕಾರಿನ ಹಿಂದಿನ ಸೀಟಲ್ಲಿ, ಬಾಲ್ಕನಿಯಲ್ಲಿ, ಅಜ್ಜಿಯ ಚೀಲದಲ್ಲಿ ಎಲ್ಲೆಲ್ಲಿ ಏನಿದೆಯೋ ಹುಡುಕಿ ತಂದು ಅದರ ಮೇಲೆ ಸುರಿಯಿರಿ. ಮಕ್ಕಳಿಗೆ ಇದು ದೊಡ್ಡ ಹಬ್ಬ. ಕಳೆದುಹೋಯಿತು ಅಂದುಕೊಂಡಿದ್ದು ಸಿಕ್ಕಾಗ ಅವರ ಮುಖ ನೋಡಬೇಕು.

ಈಗ ಗುಂಪು ಮಾಡಿ. ದಿನಾ ಆಡುವವು ಒಂದು ಕಡೆ, ಚೆನ್ನಾಗಿದ್ದರೂ ಈಗ ಮುಟ್ಟದೇ ಇರುವವು ಇನ್ನೊಂದು ಕಡೆ, ವಯಸ್ಸು ಮೀರಿದವು, ಮುರಿದವು. ಇವುಗಳ ಜೊತೆಗೆ ಅಪಾಯದ ಗುಂಪೊಂದನ್ನು ನೀವೇ ಸದ್ದಿಲ್ಲದೆ ಪಕ್ಕಕ್ಕೆ ತೆಗೆಯಿರಿ. ಈ ಕೊನೆಯ ಗುಂಪಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಚೊಕ್ಕಟ ಒಂದು ದಿನ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಮೂರು ವರ್ಷದೊಳಗಿನ ಮಗು ಇದ್ದರೆ, ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಸಣ್ಣ ವಸ್ತು ಅದರ ಕೈಗೆ ಸಿಗಬಾರದು. ಆಟಿಕೆ ಪರೀಕ್ಷೆ ಮಾಡುವವರು ಇದಕ್ಕೆ 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಆ ವಯಸ್ಸಿನ ಮಗುವಿಗೆ ಬೇಡ ಅಂತ ಲೆಕ್ಕ. ಮನೆಯಲ್ಲಿ ರಟ್ಟು ಸುತ್ತಿ ಸುಮಾರು ಅಷ್ಟೇ ಅಗಲದ ಕೊಳವೆ ಮಾಡಿಕೊಂಡು ನೋಡಿ. ಗೋಲಿ, ಮಣಿ, ಚಿಕ್ಕ ಕಾರಿನ ಚಕ್ರ, ಚೌಕಾಬಾರದ ಕವಡೆ, ಹುಣಸೆ ಬೀಜ ಎಲ್ಲವೂ ಅದರೊಳಗೆ ಇಳಿಯುತ್ತವೆ. ಹಳೆಯ ಅಳಿಗುಳಿಮಣೆ ಇದ್ದರೆ ಅದರ ಜೊತೆ ಗುಲಗಂಜಿ ಇದೆಯಾ ಅಂತ ತಪ್ಪದೆ ನೋಡಿ. ಕೆಂಪು ಕಪ್ಪಿನ ಆ ಬೀಜ ನೋಡಲು ಎಷ್ಟು ಚಂದವೋ ಅಷ್ಟೇ ವಿಷ, ಮಗು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅದನ್ನು ಮಕ್ಕಳ ಆಟದಿಂದ ಪೂರ್ತಿ ತೆಗೆದುಬಿಡಿ. ಸ್ವಲ್ಪ ದೊಡ್ಡ ಮಕ್ಕಳಾದರೆ ಹುಣಸೆ ಬೀಜದಲ್ಲೇ ಆಟ ನಡೆಯುತ್ತದೆ.

ಇನ್ನೊಂದು ಗುಂಡಿಯಾಕಾರದ ಚಪ್ಪಟೆ ಬ್ಯಾಟರಿ. ಹಾಡು ಹೇಳುವ ಪುಸ್ತಕ, ಮಿನುಗುವ ಬುಗುರಿ, ಸಣ್ಣ ರಿಮೋಟ್, ಎಲ್ಲದರಲ್ಲೂ ಇರುತ್ತದೆ. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮಗು ಆ ಬ್ಯಾಟರಿ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿರಬಹುದು ಅಂತ ಬರೀ ಅನುಮಾನ ಬಂದರೂ ಕಾಯಬೇಡಿ, ವಾಂತಿ ಮಾಡಿಸಲು ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ. ಶಕ್ತಿಶಾಲಿ ಆಯಸ್ಕಾಂತದ ಗುಂಡುಗಳೂ ಹೀಗೆಯೇ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಒಳಗಿಂದಲೇ ಒಂದನ್ನೊಂದು ಎಳೆದು ಕರುಳಿಗೆ ತೂತು ಮಾಡಬಲ್ಲವು. ನೀರಿನಲ್ಲಿ ಹಾಕಿದರೆ ಊದುವ ಬಣ್ಣದ ಜೆಲ್ಲಿ ಮಣಿಗಳು ಹೊಟ್ಟೆಯೊಳಗೂ ಊದುತ್ತವೆ. ಇವೆರಡೂ ಚಿಕ್ಕ ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಹೊಸದಾಗಿ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೆ ಮತ್ತು ಜಿಐ ಗುರುತು (ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಭೌಗೋಳಿಕ ಗುರುತು) ಪಡೆದವರು ಮಾಡುವ ಆಟಿಕೆಗಳಿಗೆ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿ ಬೇಡ.

ಹೆಜ್ಜೆ 2: ಕಳಿಸಬೇಕಾದ್ದನ್ನು ಕಳಿಸಿ

ಮಗು ಮಲಗಿದಾಗ ಕದ್ದು ಕೊಟ್ಟುಬಿಡುವುದು ಬೇಡ. ಒಂದು ಸಲ ಹಾಗೆ ಆದರೆ ಮಗು ಪ್ರತಿಯೊಂದನ್ನೂ ಅವುಚಿಕೊಂಡು ಕೂರುತ್ತದೆ. "ಇದು ನೀನು ಪುಟ್ಟವನಿದ್ದಾಗ ಆಡಿದ್ದು, ಈಗ ಬೇರೆ ಪುಟ್ಟ ಪಾಪು ಆಡಲಿ, ಯಾವುದು ಕೊಡೋಣ ನೀನೇ ಹೇಳು" ಅಂದರೆ ಮೂರು ವರ್ಷದ ಮಗುವೂ ಯೋಚಿಸಿ ತೆಗೆದುಕೊಡುತ್ತದೆ. ಒಂದೆರಡು ಕೊಡಲು ಮನಸ್ಸು ಬರದಿದ್ದರೆ ಇರಲಿ ಬಿಡಿ, ಮುಂದಿನ ಸಲ ನೋಡೋಣ. ಹತ್ತಿರದ ಅಂಗನವಾಡಿಗೆ, ಕೆಲಸಕ್ಕೆ ಬರುವವರ ಮಕ್ಕಳಿಗೆ, ನೆಂಟರ ಮನೆಗೆ ಕೊಡಬಹುದು. ಆದರೆ ಕೊಡುವುದನ್ನು ತೊಳೆದು, ತುಂಡುಗಳೆಲ್ಲ ಇವೆಯಾ ಅಂತ ಎಣಿಸಿ ಕೊಡಿ. ನಮ್ಮ ಮಗು ಆಡದ ಮುರುಕಲು ಆಟಿಕೆಯಿಂದ ಬೇರೆ ಮಗು ಆಡಲಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಮುರಿದದ್ದರಲ್ಲಿ ಅಂಟು ಹಾಕಿದರೆ ಸರಿಹೋಗುವುದನ್ನು ಆ ವಾರವೇ ಹಾಕಿ, ಇಲ್ಲದಿದ್ದರೆ ಅದು ವರ್ಷವೆಲ್ಲ ಡ್ರಾಯರ್‌ನಲ್ಲೇ ಇರುತ್ತದೆ. ಬ್ಯಾಟರಿ ಆಟಿಕೆ ಕೆಟ್ಟಿದ್ದರೆ ಕಸದ ಗಾಡಿಗೆ ಹಾಕಬೇಡಿ, ಬ್ಯಾಟರಿ ಬೇರೆ ತೆಗೆದು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಹೆಜ್ಜೆ 3: ಕಣ್ಣೆದುರಿಗೆ ಕಡಿಮೆ ಇರಲಿ

ಇಷ್ಟಾದ ಮೇಲೂ ಒಂದು ರಾಶಿ ಉಳಿದಿರುತ್ತದೆ. ಅದನ್ನೆಲ್ಲ ಒಟ್ಟಿಗೆ ಹೊರಗಿಡಬೇಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಆಡಲು ಬಿಟ್ಟು ನೋಡಿದರು. ಒಮ್ಮೆ ಕೋಣೆಯಲ್ಲಿ 4 ಆಟಿಕೆ, ಇನ್ನೊಮ್ಮೆ 16. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಇದ್ದರು, ಒಂದೇ ಆಟಿಕೆಯನ್ನು ಬೇರೆ ಬೇರೆ ಥರ ಆಡಿದರು. ಹದಿನಾರು ಇದ್ದಾಗ ಇದನ್ನು ಮುಟ್ಟು, ಅದನ್ನು ಬಿಡು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಮಕ್ಕಳನ್ನು ಸಾಕಿದವರಿಗೆ ಅಧ್ಯಯನವಿಲ್ಲದೆಯೂ ಇದು ಗೊತ್ತಾಗಿರುತ್ತದೆ ಅನ್ನಿ, ಆದರೂ ಮನೆಯಲ್ಲಿ "ಪಾಪ, ಮಗುವಿನ ಆಟಿಕೆ ಯಾಕೆ ಬಚ್ಚಿಡ್ತೀಯ" ಅಂತ ಕೇಳುವವರಿಗೆ ಹೇಳಲು ಬರುತ್ತದೆ.

ಮಾಡುವುದು ಇಷ್ಟೇ. ಉಳಿದ ಆಟಿಕೆಗಳನ್ನು ಮೂರು ಪಾಲು ಮಾಡಿ. ಪ್ರತಿ ಪಾಲಿನಲ್ಲೂ ಎಲ್ಲ ಥರದ್ದೂ ಸ್ವಲ್ಪ ಸ್ವಲ್ಪ ಇರಲಿ: ಕಟ್ಟುವಂಥದ್ದು ಒಂದು, ಉರುಳುವಂಥದ್ದು ಒಂದು, ಗೊಂಬೆ, ಜೋಡಿಸುವ ಪಝಲ್, ಅಡುಗೆ ಆಟದ್ದು. ಒಂದು ಪಾಲು ಹೊರಗೆ. ಎರಡು ಪಾಲು ಹಳೆಯ ದಿಂಬಿನ ಕವರಿಗೆ ಹಾಕಿ ಸಜ್ಜದ ಮೇಲೆ. ಎರಡು ಮೂರು ವಾರಕ್ಕೊಮ್ಮೆ, ಅಥವಾ ಮಗುವಿಗೆ ಬೇಜಾರು ಬಂದಿದೆ ಅನ್ನಿಸಿದಾಗ ಬದಲಾಯಿಸಿ. ದಸರಾ ಬೊಂಬೆ ಕೂರಿಸುವ ಮನೆಯವರಿಗೆ ಇದರ ಗುಟ್ಟು ಗೊತ್ತು. ವರ್ಷವೆಲ್ಲ ಹಳೆ ಬಟ್ಟೆ ಸುತ್ತಿಕೊಂಡು ಟ್ರಂಕಿನಲ್ಲಿದ್ದ ಪಟ್ಟದ ಗೊಂಬೆ ಹೊರಗೆ ಬಂದರೆ ಮಕ್ಕಳು ಅದರ ಮುಂದಿನಿಂದ ಏಳುವುದಿಲ್ಲ, ಅಲ್ವಾ?

ಒಂದು ಮಾತು. ಮಗು ತಬ್ಬಿಕೊಂಡು ಮಲಗುವ ಗೊಂಬೆ, ಅದು ಎಷ್ಟೇ ಹಳೆಯದಾಗಲಿ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಯಾವಾಗಲೂ ಹೊರಗೇ ಇರಬೇಕು.

ಹೆಜ್ಜೆ 4: ಮಗುವಿನ ಎತ್ತರಕ್ಕೆ ಜಾಗ

ಮಕ್ಕಳ ರೂಮ್ ಇದ್ದರೂ ಚಿಕ್ಕ ಮಕ್ಕಳು ಅಲ್ಲಿ ಆಡುವುದಿಲ್ಲ. ಅಮ್ಮ ಎಲ್ಲಿ ಕೂತಿದ್ದಾಳೋ, ತಾತ ಎಲ್ಲಿ ಪೇಪರ್ ಓದುತ್ತಿದ್ದಾರೋ ಅಲ್ಲೇ ಬಂದು ಹರಡಿಕೊಳ್ಳುತ್ತಾರೆ. ಹಾಗಾಗಿ ಆಟಿಕೆಯ ಜಾಗವನ್ನು ಹಾಲ್‌ನ ಒಂದು ಮೂಲೆಯಲ್ಲೇ ಮಾಡಿ. ಬಂದವರಿಗೆ ಕಾಣುತ್ತದೆ ಅಂತ ಮುಜುಗರ ಬೇಡ, ಮಕ್ಕಳಿರುವ ಮನೆ ಮಕ್ಕಳಿರುವ ಮನೆಯ ಹಾಗೇ ಕಾಣಲಿ.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ಶುರುಮಾಡಿದಾಗಿನಿಂದ ಅವರ ಪದ್ಧತಿಯ ಶಾಲೆಗಳಲ್ಲಿ ನಡೆದುಬಂದಿರುವ ಪಾಠ ಒಂದಿದೆ. ತಗ್ಗಾದ, ಬಾಗಿಲಿಲ್ಲದ ಶೆಲ್ಫ್, ಒಂದೊಂದು ಸಾಮಾನಿಗೂ ಒಂದೊಂದು ತಟ್ಟೆ, ಮಗು ತಾನೇ ತೆಗೆದು ತಾನೇ ಇಡಬೇಕು. ಅವರು 1939ರಲ್ಲಿ ಮದ್ರಾಸಿಗೆ ಬಂದು ಎರಡನೇ ಮಹಾಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಇವತ್ತು ನಮ್ಮ ಊರುಗಳ ಮಾಂಟೆಸ್ಸರಿ ಶಾಲೆಗೆ ಹೋದರೆ ಮೂರು ವರ್ಷದ ಮಕ್ಕಳು ಸುಮ್ನೆ ಎದ್ದು ಹೋಗಿ ಸಾಮಾನು ವಾಪಸ್ ಇಡುವುದನ್ನು ನೋಡಬಹುದು. ಮನೆಯಲ್ಲಿ ಕೇಳದ ಅದೇ ಮಗು ಅಲ್ಲಿ ಇಡುತ್ತದೆ, ಯಾಕೆಂದರೆ ಅಲ್ಲಿ ಇಡುವುದಕ್ಕೆ ಜಾಗ ಇದೆ.

ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಎರಡು ಅಡಿ ಎತ್ತರದ ಹಳೆಯ ಪುಸ್ತಕದ ಶೆಲ್ಫ್ ಇದ್ದರೆ ಸಾಕು. ಅಷ್ಟು ತಗ್ಗಾಗಿದ್ದರೂ ಅದನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಯಿರಿ, ಮಕ್ಕಳು ಹತ್ತಿಯೇ ಹತ್ತುತ್ತಾರೆ. ಶೆಲ್ಫ್ ಇಲ್ಲದಿದ್ದರೆ ಹಣ್ಣಿನ ಕ್ರೇಟ್ ಅಡ್ಡ ಮಲಗಿಸಿ ಒಂದಕ್ಕೊಂದು ಕಟ್ಟಿ. ಡಬ್ಬಗಳೂ ಮನೆಯಲ್ಲೇ ಸಿಗುತ್ತವೆ: ಶೂ ಬಾಕ್ಸ್, ಐಸ್‌ಕ್ರೀಮ್ ಡಬ್ಬ, ಬಿದಿರಿನ ಬುಟ್ಟಿ, ಗೃಹಪ್ರವೇಶಕ್ಕೆ ಬಂದು ಅಟ್ಟದ ಮೇಲೆ ಕೂತಿರುವ ಸ್ಟೀಲ್ ಬೇಸಿನ್. ಭಾರದ ಮುಚ್ಚಳ ಇರುವ ಮರದ ಪೆಟ್ಟಿಗೆ ಮಾತ್ರ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ, ಮೇಲಾಗಿ ಮುಚ್ಚಳ ತೆಗೆಯುವ ಕೆಲಸ ಒಂದು ಜಾಸ್ತಿಯಾದರೆ ಮಗು ಇಡುವುದನ್ನೇ ಬಿಡುತ್ತದೆ.

ಡಬ್ಬಕ್ಕೆ ಚಿತ್ರ ಅಂಟಿಸಿ. ಫೋಟೋ ತೆಗೆದು ಪ್ರಿಂಟ್ ಹಾಕಿಸಬಹುದು, ಅಥವಾ ನೀವೇ ಗೀಚಿದ ಕಾರು ಸಾಕು. ಕೆಳಗೆ ದೊಡ್ಡದಾಗಿ "ಕಾರು", "ಗೊಂಬೆ", "ಅಡುಗೆ" ಅಂತ ಕನ್ನಡದಲ್ಲಿ ಬರೆಯಿರಿ. ಹೊರದೇಶದಲ್ಲಿರುವ ನಮ್ಮವರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ಶಾಲೆಯಲ್ಲಿ ಕನ್ನಡ ಅಕ್ಷರ ಸಿಗದ ಮಗುವಿಗೆ ದಿನಾ ಕಣ್ಣಿಗೆ ಬೀಳುವ ಐದಾರು ಪದ ಇಲ್ಲಿಂದಲೇ ಸಿಗುತ್ತವೆ.

ಗುಂಪು ತೀರಾ ನುಣ್ಣಗೆ ಮಾಡಬೇಡಿ. ಕೆಂಪು ಬ್ಲಾಕ್ ಒಂದು ಡಬ್ಬ, ನೀಲಿ ಬ್ಲಾಕ್ ಒಂದು ಡಬ್ಬ ಅಂತ ಹೊರಟರೆ ವಾರದಲ್ಲಿ ಎಲ್ಲರೂ ಕೈಬಿಡುತ್ತೀರಿ. ಐದಾರು ಡಬ್ಬ ಸಾಕು. ಸಣ್ಣ ತುಂಡಿನ ಬ್ಲಾಕ್ಸ್‌ಗೆ ಒಂದು ಉಪಾಯ ಇದೆ. ಹಳೆಯ ಪಂಚೆಯನ್ನೋ ದಪ್ಪನೆಯ ದುಪಟ್ಟಾವನ್ನೋ ಹಾಸಿ ಅದರ ಮೇಲೆಯೇ ಆಡಲಿ, ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ ಗಂಟು ಕಟ್ಟಿ ಬುಟ್ಟಿಗೆ ಇಳಿಸಿದರೆ ಆಯಿತು. ಐದು ವರ್ಷದ ಮಗು ಒಂದು ಕಡೆ, ನೀವು ಒಂದು ಕಡೆ ಹಿಡಿದರೆ ಅರ್ಧ ನಿಮಿಷದ ಕೆಲಸ. ಪಝಲ್‌ನ ತುಂಡುಗಳನ್ನು ಜಿಪ್ ಚೀಲದಲ್ಲಿ ಹಾಕಿ, ಹಿಂಬದಿಗೆ ಒಂದೊಂದು ಪಝಲ್‌ಗೆ ಒಂದೊಂದು ಗುರುತು ಮಾಡಿಡಿ. ಹಾವು ಏಣಿ, ಚೌಕಾಬಾರ, ಕೇರಂ ಕಾಯಿ ಇವೆಲ್ಲ ದೊಡ್ಡವರು ಜೊತೆಗಿದ್ದಾಗ ಆಡುವಂಥವು, ಬೀರುವಿನ ಮೇಲಿನ ಖಾನೆಗೆ ಹೋಗಲಿ. ಬಣ್ಣದ ಪೆನ್ಸಿಲ್, ಕತ್ತರಿ ಕೂಡ ಹಾಗೆಯೇ. ಕ್ರೇಯಾನ್ ಕೈಗೆ ಸಿಕ್ಕರೆ ಗೋಡೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಹೆಜ್ಜೆ 5: ಈಗ ಅಭ್ಯಾಸ

"ರೂಮ್ ಕ್ಲೀನ್ ಮಾಡು" ಅನ್ನುವ ಮಾತು ಚಿಕ್ಕ ಮಗುವಿನ ತಲೆಗೆ ಹೋಗುವುದೇ ಇಲ್ಲ. ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಅಂತ ಅದಕ್ಕೆ ತಿಳಿಯುವುದಿಲ್ಲ. "ಕಾರುಗಳನ್ನೆಲ್ಲ ನೀಲಿ ಬುಟ್ಟಿಗೆ ಹಾಕು" ಅನ್ನಿ. ಅದು ಆದ ಮೇಲೆ "ಈಗ ಗೊಂಬೆ ಮಲಗಿಸೋಣ". ಒಂದು ಸಲಕ್ಕೆ ಒಂದೇ ಕೆಲಸ.

ವಯಸ್ಸಿಗೆ ತಕ್ಕಷ್ಟು ಕೇಳಿ. ಒಂದೂವರೆ ವರ್ಷದ ಮಗುವಿಗೆ ಡಬ್ಬದೊಳಗೆ ಟಪ್ ಅಂತ ಹಾಕುವುದೇ ಆಟ, ನೀವು ಕೈಗೆ ಕೊಡಿ, ಅದು ಹಾಕಲಿ. ಎರಡು ಮೂರು ವರ್ಷಕ್ಕೆ ನೀವು ಹತ್ತು ಎತ್ತಿದರೆ ಅದು ಮೂರು ಎತ್ತಿತು, ಅಷ್ಟು ಸಾಕು. ನಾಲ್ಕೈದು ವರ್ಷಕ್ಕೆ ಒಂದು ಪೂರ್ತಿ ಗುಂಪನ್ನು ವಹಿಸಿಕೊಡಿ, ನೀವು ಪಕ್ಕದಲ್ಲಿ ನಿಂತಿರಿ. ಆರೇಳು ವರ್ಷ ದಾಟಿದ ಮೇಲೆ ಆ ಮೂಲೆ ಪೂರ್ತಿ ಅದರದ್ದೇ ಜವಾಬ್ದಾರಿ. ಹೇಗೆ ಜೋಡಿಸಬೇಕು ಅನ್ನುವುದನ್ನೂ ಅದೇ ತೀರ್ಮಾನ ಮಾಡಲಿ. ನಿಮಗೆ ವಕ್ರ ಕಂಡರೂ ಮತ್ತೆ ತಿದ್ದಿ ಇಡಬೇಡಿ. ಮಗು ಇಟ್ಟಿದ್ದನ್ನು ಅದರ ಎದುರಿಗೇ ಸರಿಮಾಡಿದರೆ "ನಾನು ಮಾಡಿದ್ದು ಸಾಲದು" ಅಂತ ಅದಕ್ಕೆ ಅರ್ಥವಾಗುತ್ತದೆ, ನಾಳೆ ಅದು ಮಾಡುವುದಿಲ್ಲ.

ಹೊತ್ತು ಗೊತ್ತುಮಾಡುವುದು ಬಹಳ ಮುಖ್ಯ. ರಾತ್ರಿ ಒಂಬತ್ತಕ್ಕೆ ನಿದ್ದೆಗಣ್ಣಿನ ಮಗುವಿಗೆ ಎತ್ತಿಡು ಅಂದರೆ ಅಳುವೇ ಗತಿ. ಊಟಕ್ಕೆ ಮುಂಚೆ ಮಾಡಿಸಿ. "ಆಟಿಕೆ ಮನೆ ಸೇರಿದ ಮೇಲೆ ಊಟ" ಅನ್ನುವುದು ಕೈ ತೊಳೆದ ಮೇಲೆ ಊಟ ಅನ್ನುವಷ್ಟೇ ಸಹಜವಾಗಿ ಬಂದುಬಿಡಲಿ, ಅದರಲ್ಲಿ ಗದರಿಕೆ ಇರಬಾರದು. ಎತ್ತದಿದ್ದರೆ ಊಟ ಇಲ್ಲ ಅಂತ ಮಾತ್ರ ಹೇಳಬೇಡಿ. ಐದು ನಿಮಿಷ ಮುಂಚೆ "ಇನ್ನೊಂದು ಸಲ ರೈಲು ಓಡಿಸು, ಆಮೇಲೆ ನಿಲ್ದಾಣಕ್ಕೆ" ಅಂತ ಎಚ್ಚರಿಕೆ ಕೊಡಿ. ಆಟದ ಮಧ್ಯೆ ತಟ್ಟನೆ ನಿಲ್ಲಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ದಿನಾ ಒಂದೇ ಹಾಡು ಹಾಕಿ, ಹಾಡು ಮುಗಿಯುವುದರೊಳಗೆ ಮುಗಿಸೋಣ ಅಂದರೆ ಗಡಿಯಾರದ ಕೆಲಸ ಹಾಡೇ ಮಾಡುತ್ತದೆ.

ಮಗು ಬಹಳ ಹೊತ್ತು ಕೂತು ಏನೋ ಕಟ್ಟಿದೆ, ಕೆಡವಲು ಮನಸ್ಸಿಲ್ಲ. ಅದಕ್ಕೆ ಒಂದು ಮಣೆಯನ್ನೋ ದೊಡ್ಡ ತಟ್ಟೆಯನ್ನೋ ಮೀಸಲಿಡಿ. "ನಾಳೆ ಮುಂದುವರಿಸುವುದು" ಅದರ ಮೇಲೆ ಇರಲಿ. ಚೊಕ್ಕಟದ ಹೆಸರಿನಲ್ಲಿ ಮಗುವಿನ ಕೆಲಸ ಹಾಳುಮಾಡಬಾರದು.

ಚಾಕಲೇಟ್ ಆಸೆ ತೋರಿಸಿ ಮಾಡಿಸಿದರೆ ಆರು ತಿಂಗಳ ಮೇಲೆ ಮಗು "ಏನು ಕೊಡ್ತೀಯ" ಅಂತ ಮೊದಲೇ ಕೇಳುತ್ತದೆ. "ಎತ್ತಿಡದಿದ್ದರೆ ಕಸಕ್ಕೆ ಹಾಕ್ತೀನಿ" ಅನ್ನುವುದೂ ಬೇಡ. ನೀವು ಹಾಕುವುದಿಲ್ಲ ಅಂತ ಅದಕ್ಕೆ ಎರಡನೇ ದಿನವೇ ಗೊತ್ತಾಗುತ್ತದೆ. ಅಷ್ಟೂ ಹಟ ಮಾಡಿದರೆ ಆ ಒಂದು ಡಬ್ಬವನ್ನು ಮಾರನೇ ದಿನ ಸಜ್ಜಕ್ಕೆ ಕಳಿಸಿ, ಕೂಗಾಟ ಇಲ್ಲದೆ, ಮುಂಚೆಯೇ ಹೇಳಿ. ಒಂದು ದಿನ ಸಾಕು. "ನಿನ್ನ ಅತ್ತೆ ಮಗ ನೋಡು, ಎಷ್ಟು ನೀಟು" ಅನ್ನುವ ಹೋಲಿಕೆಯಂತೂ ಯಾವ ಮಗುವನ್ನೂ ತಿದ್ದಿದ್ದು ನಾನು ನೋಡಿಲ್ಲ.

ಇನ್ನು ಅಜ್ಜಿ ತಾತ. "ಮಗು ಕಣೇ, ಬಿಡು, ನಾನೇ ಎತ್ತಿಡ್ತೀನಿ" ಅನ್ನುವುದು ಪ್ರೀತಿಯಿಂದಲೇ ಬರುವ ಮಾತು, ಅದಕ್ಕೆ ಸೊಸೆ ಮುಖ ಗಂಟು ಹಾಕಿದರೆ ಮನೆಯೇ ಕೆಡುತ್ತದೆ. ಅವರಿಗೆ ಬೇರೆ ಪಾಲು ಕೊಡಿ. "ಅತ್ತೆ, ನೀವು ಕೂತಲ್ಲೇ ಎಣಿಸಿ, ಅವಳು ತಂದು ಹಾಕಲಿ" ಅನ್ನಿ. ಅಜ್ಜಿ ಒಂದು, ಎರಡು ಅಂತ ಎಣಿಸುತ್ತಿದ್ದರೆ ಮಗು ಓಡಿ ಓಡಿ ತರುತ್ತದೆ. ಸೊಂಟ ನೋವಿರುವ ಅಜ್ಜಿ ಬಗ್ಗುವುದೂ ತಪ್ಪುತ್ತದೆ.

ಅಕ್ಕ ತಮ್ಮ ಇರುವ ಮನೆಗಳಲ್ಲಿ ಒಂದು ವಿಷಯ ನನಗೆ ತುಂಬಾ ನೋವು ಕೊಡುತ್ತದೆ. ತಮ್ಮ ಹರಡಿದ್ದನ್ನು ಅಕ್ಕ ಎತ್ತಬೇಕು, ಯಾಕೆಂದರೆ ಅವಳು ಹುಡುಗಿ. ಏಳು ವರ್ಷದ ಹುಡುಗಿಗೆ "ನೀನು ಜಾಣೆ ಅಲ್ವಾ, ಅವನದ್ದೂ ಎತ್ತಿಡು" ಅಂತ ಹೇಳಿ ಹೇಳಿಯೇ ನಾವು ಮುಂದೆ ತಟ್ಟೆ ಕೂಡ ಎತ್ತದ ಗಂಡಸರನ್ನು ಬೆಳೆಸುತ್ತೇವೆ. ಆಡಿದವರು ಎತ್ತಲಿ. ಇಬ್ಬರೂ ಆಡಿದರೆ ಇಬ್ಬರೂ ಎತ್ತಲಿ. ಅಪ್ಪ ಆಫೀಸಿನಿಂದ ಬಂದು ಸಾಕ್ಸ್ ಸೋಫಾ ಮೇಲೆ ಎಸೆದರೆ ಈ ನಿಯಮ ಅಲ್ಲಿಗೇ ಮುಗಿಯಿತು, ಹಾಗಾಗಿ ಆಟಿಕೆ ಎತ್ತುವ ಹೊತ್ತಿಗೆ ದೊಡ್ಡವರೂ ತಮ್ಮ ತಮ್ಮ ಚಾರ್ಜರ್, ಲೋಟ, ಪೇಪರ್ ಎತ್ತಿಡಬೇಕು.

ತೊಳೆಯುವುದು, ಒಣಗಿಸುವುದು

ಪ್ಲಾಸ್ಟಿಕ್ ಆಟಿಕೆಗೆ ಸೋಪಿನ ನೀರು ಸಾಕು. ಬಟ್ಟೆಯ ಗೊಂಬೆಗಳನ್ನು ದಿಂಬಿನ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಮೆಷಿನ್‌ಗೆ ಹಾಕಬಹುದು, ಒಳಗೆ ಬ್ಯಾಟರಿ ಇಲ್ಲ ಅಂತ ನೋಡಿಕೊಂಡು. ಒಳಗಿನ ಹತ್ತಿ ಪೂರ್ತಿ ಒಣಗುವವರೆಗೆ ಬಿಸಿಲಲ್ಲಿ ಇಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆಯೇ ಇದನ್ನು ಮುಗಿಸಿ, ಜಾಸ್ತಿ ಇದ್ದವನ್ನು ಗಾಳಿ ಹೋಗದ ಡಬ್ಬದಲ್ಲಿ ಹಾಕಿಟ್ಟರೆ ಬೂಸ್ಟು ಹಿಡಿಯುವುದಿಲ್ಲ. ಸ್ನಾನದ ಬಾತುಕೋಳಿಯ ಹೊಟ್ಟೆಯೊಳಗೆ ನೀರು ನಿಂತು ಕಪ್ಪಾಗುತ್ತದೆ. ಪ್ರತಿ ಸಲ ಹಿಂಡಿ ಒಣಗಿಸಿ, ಹಿಂಡಿದಾಗ ಕಪ್ಪು ಬಂದರೆ ಎಸೆದುಬಿಡಿ. ಚನ್ನಪಟ್ಟಣದ ಗೊಂಬೆಗಳನ್ನು ನೀರಿನಲ್ಲಿ ನೆನೆಹಾಕಲೇಬೇಡಿ. ಆಲೆ ಮರದ ಮೇಲೆ ಅರಗಿನ ಬಣ್ಣ ಹಚ್ಚಿ ಮಾಡಿದ್ದು ಅದು, ನೆನೆದರೆ ಮರ ಸೀಳುತ್ತದೆ, ಹೊಳಪು ಹೋಗುತ್ತದೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೊಸದು ಬರುವ ಬಾಗಿಲು

ಇಷ್ಟೆಲ್ಲ ಮಾಡಿದ ಮೇಲೆ ಒಂದು ಹುಟ್ಟುಹಬ್ಬ ಬಂದರೆ ಮತ್ತೆ ಇಪ್ಪತ್ತು ಡಬ್ಬ ಮನೆಗೆ ಬರುತ್ತವೆ. ಎಲ್ಲವನ್ನೂ ಅವತ್ತೇ ಒಡೆಯಬೇಡಿ. ಎರಡು ಮೂರನ್ನು ಮಗು ಆರಿಸಲಿ, ಉಳಿದದ್ದು ಸಜ್ಜದ ಪಾಲಿಗೆ ಸೇರಲಿ, ಮಳೆಗಾಲದ ಬೇಜಾರಿನ ದಿನಕ್ಕೋ ರೈಲು ಪ್ರಯಾಣಕ್ಕೋ ಒಂದೊಂದಾಗಿ ತೆಗೆಯಿರಿ. ಹತ್ತಿರದವರು "ಏನು ತರಲಿ" ಅಂತ ಕೇಳಿದರೆ ಸಂಕೋಚ ಬಿಟ್ಟು ಹೇಳಿ: ಕಥೆ ಪುಸ್ತಕ, ಬಣ್ಣ, ಗಿಡದ ಕುಂಡ, ಇಲ್ಲವೇ ಮಗುವನ್ನು ಒಂದು ದಿನ ಮೈಸೂರು ಝೂಗೆ ಕರೆದುಕೊಂಡು ಹೋಗಿ ಅಂತ. ನಿಮ್ಮ ಮನೆಯ ರಿಟರ್ನ್ ಗಿಫ್ಟ್ ಕೂಡ ಎರಡು ದಿನಕ್ಕೆ ಮುರಿಯುವ ಪ್ಲಾಸ್ಟಿಕ್ ಆಗಬೇಕಾಗಿಲ್ಲ. ಜಾತ್ರೆಗೆ ಹೋದರೆ ಒಂದೇ ಒಂದು ಅಂತ ಮನೆ ಬಿಡುವಾಗಲೇ ಮಾತಾಗಿರಲಿ, ಆ ಒಂದನ್ನು ಮಗು ಎಷ್ಟು ಅಂಗಡಿ ಸುತ್ತಿ ಬೇಕಾದರೂ ಆರಿಸಲಿ.

ಜ್ವರ ಬಂದಾಗ, ಊರಿಗೆ ಹೋಗಿ ಬಂದಾಗ, ಮನೆ ತುಂಬಾ ನೆಂಟರಿದ್ದಾಗ ಇದೆಲ್ಲ ತಪ್ಪಿಹೋಗುತ್ತದೆ. ಹೋಗಲಿ. ಎಲ್ಲರೂ ಸುಧಾರಿಸಿಕೊಂಡ ಮೇಲೆ ಮೊದಲ ದಿನ ಪೂರ್ತಿ ಮನೆ ಸರಿಮಾಡಲು ಹೋಗದೆ, ಊಟಕ್ಕೆ ಮುಂಚೆ ಒಂದೇ ಡಬ್ಬದಿಂದ ಶುರುಮಾಡಿ. ಕಾರಿನದ್ದು ಸುಲಭ.